ಕನಸಿನ ದಿನಚರಿ: ಟಿಪ್ಪುವಿನ ಪುಸ್ತಕವೂ ಭರತನ ಪ್ರಶ್ನೆಯೂ

ಕ್ರಿ.ಶ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾಯಿತು. ಟಿಪ್ಪು ಸುಲ್ತಾನನು ಹೋರಾಡುತ್ತ ಮಡಿದನು. ಬಳಿಕ ಅರಮನೆಯ ಕಾಗದಪತ್ರಗಳನ್ನು ಶೋಧಿಸಿದಾಗ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಎಂಬ ಅಧಿಕಾರಿಗೆ, ಇತರ ಗುಪ್ತಪತ್ರಗಳ ನಡುವೆ, ಪಾರಸಿ ಭಾಷೆಯ ಒಂದು ಚಿಕ್ಕ ಪುಸ್ತಕ ದೊರೆಯಿತು. ಸುಲ್ತಾನನು ತಾನು ಕಂಡ ಕನಸುಗಳನ್ನು ಸ್ವಹಸ್ತದಿಂದ ಬರೆದಿಟ್ಟ ದಿನಚರಿ ಅದಾಗಿತ್ತು. ಆಗ ಸ್ಥಳದಲ್ಲಿದ್ದ ಸುಲ್ತಾನನ ಮುನ್ಷಿ ಹಬೀಬುಲ್ಲಾನಿಗೆ ಇಂಥದೊಂದು ಪುಸ್ತಕವಿದೆಯೆಂಬುದು ತಿಳಿದಿತ್ತು. ಆದರೆ ಅವನು ಅದನ್ನು ಎಂದೂ ಕಂಡಿರಲಿಲ್ಲ. ಓದುವಾಗ ಇಲ್ಲವೆ ಬರೆಯುವಾಗ ಯಾರಾದರೂ ಸಮೀಪಿಸಿದರೆ ಸುಲ್ತಾನನು ಅದನ್ನು ಮುಚ್ಚಿಡುತ್ತಿದ್ದನಂತೆ.

ಪುಸ್ತಕದಲ್ಲಿರುವ ಕನಸುಗಳು ಒಟ್ಟು 37. ಅವುಗಳ ಕಾಲ 1785ರಿಂದ 1798ರವರೆಗೆ. ಹದಿಮೂರು ವರ್ಷಗಳಿಗೆ ಮೂವತ್ತೇಳು ಎಂದರೆ ವರ್ಷಕ್ಕೆ ಸುಮಾರು ಮೂರು. ಇಷ್ಟೇ ಕನಸುಗಳನ್ನು ಕಂಡವರು ಲೋಕದಲ್ಲಿ ಇರಲಾರರು. ಆದುದರಿಂದ ಇದು ಕನಸುಗಳೆಲ್ಲದರ ಲೆಕ್ಕವಲ್ಲ, ಆರಿಸಿಕೊಂಡವುಗಳ ಲೆಕ್ಕ ಎಂಬುದು ಸ್ಪಷ್ಟ. ಯಾವುದನ್ನು ಬರೆದನು ಎಂಬುದಕ್ಕಿಂತ ಯಾವ ಬಗೆಯದನ್ನು ಬರೆಯಲು ಆರಿಸಿದನು ಎಂಬುದೇ ಇಲ್ಲಿ ವಿಚಾರಣೀಯವಾದದ್ದು.

1786ರಲ್ಲಿ ಸವಣೂರಿನ ಬಳಿ ಮರಾಠರ ಸೈನ್ಯ ಎದುರಿಗೆ ಬೀಡುಬಿಟ್ಟಿದ್ದಾಗಿನ ಕನಸೊಂದು ಪ್ರಸಿದ್ಧವಾಗಿದೆ. ಸುಂದರನಾದ ಅಪರಿಚಿತ ಯುವಕನೊಬ್ಬ ಬಂದು ಕುಳಿತನು. ಮಾತುಕತೆಯ ನಡುವೆ ಎದ್ದು ಹೋಗಿ ಮರಳಿ ಬಂದು ತಲೆಗೂದಲನ್ನು ಬಿಚ್ಚಿದಾಗ ಆತ ಗಂಡಲ್ಲ, ಹೆಣ್ಣು ಎಂದು ತಿಳಿಯಿತು. ಎಚ್ಚತ್ತ ಸುಲ್ತಾನನು ಇದಕ್ಕೆ ತಾನೇ ಅರ್ಥ ಬರೆದುಕೊಂಡನು: ಮರಾಠರು ಗಂಡುವೇಷದಲ್ಲಿದ್ದರೂ ಯುದ್ಧದಲ್ಲಿ ಹೆಂಗಸರಂತೆ ಓಡುವರು. ಎರಡು ದಿನಗಳಲ್ಲಿಯೇ ಇನ್ನೂರು ಮುನ್ನೂರು ಜನರೊಡನೆ ಶಿಬಿರದ ಮೇಲೆ ಬಿದ್ದು, ಹರಿಪಂತ ಫಡಕೆಯ ಡೇರೆಯವರೆಗೆ ನುಗ್ಗಿದುದನ್ನೂ ಅದೇ ಹಾಳೆಯಲ್ಲಿ ದಾಖಲಿಸಿದನು. ಕನಸು, ಅದರ ಫಲ, ಫಲದ ವಸೂಲಿ ಮೂರೂ ಒಂದೇ ಪುಟದಲ್ಲಿ! ಮತ್ತೊಮ್ಮೆ ಮೂರು ಬೆಳ್ಳಿ ತಟ್ಟೆಗಳಲ್ಲಿ ತಾಜಾ ಖರ್ಜೂರದ ಹಣ್ಣುಗಳು ಕಾಣಿಸಿದವು. ಮೂವರು ಶತ್ರುಗಳ ರಾಜ್ಯಗಳು ತನ್ನ ಕೈಸೇರುವುವೆಂದು ಅದರ ಅರ್ಥ. ಇನ್ನೊಂದರಲ್ಲಿ ಮರಾಠರ ವಕೀಲ ರಘುನಾಥರಾಯನು ಬಂದು, ಇಂಗ್ಲಿಷರು ಯುರೋಪಿನಲ್ಲಿ ಸೋತಿದ್ದಾರೆ, ಬಂಗಾಳವನ್ನು ತಾವಾಗಿಯೇ ಬಿಟ್ಟು ಹೋಗಲಿದ್ದಾರೆ ಎಂದು ತಿಳಿಸುತ್ತಾನೆ.

1792ರ ಒಪ್ಪಂದದಲ್ಲಿ ಸುಲ್ತಾನನು ಅರ್ಧ ರಾಜ್ಯವನ್ನು ಕಳೆದುಕೊಂಡನು. 3 ಕೋಟಿ 30 ಲಕ್ಷ ರೂಪಾಯಿ ತೆರಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಹಗಲಿನಲ್ಲಿ ಇಷ್ಟು ಖರ್ಚು ಬಿದ್ದವನ ರಾತ್ರಿಯ ಪುಸ್ತಕದಲ್ಲಿ ಬಹುಮಟ್ಟಿಗೆ ಜಮೆಯೇ ಕಾಣುವುದು ಆಶ್ಚರ್ಯವೇನಲ್ಲ. ಬಯಸಿದ್ದನ್ನು ಮನಸ್ಸು ರಾತ್ರಿಯಲ್ಲಿ ಸಂಪಾದಿಸಿಕೊಳ್ಳುತ್ತದೆ.

ಹಾಗೆಂದು ಆ ಪುಸ್ತಕವನ್ನು ಬರಿಯ ದರ್ಪದ ದಾಖಲೆ ಎನ್ನುವುದು ನ್ಯಾಯವಾಗದು. ಅನ್ಯಮತೀಯರನ್ನು ಕುರಿತ ಕಠೋರ ಮಾತುಗಳು ಅದರಲ್ಲಿವೆ, ನಿಜ. ಆದರೆ ಒಂದು ಕನಸಿನಲ್ಲಿ ಸುಲ್ತಾನನು ಹಿಂಭಾಗ ಶಿಥಿಲವಾದ ದೊಡ್ಡ ದೇವಾಲಯವೊಂದನ್ನು ಹೊಗುತ್ತಾನೆ. ಅಲ್ಲಿನ ವಿಗ್ರಹಗಳ ಕಣ್ಣುಗಳು ಮನುಷ್ಯರ ಕಣ್ಣುಗಳಂತೆ ಚಲಿಸುತ್ತಿವೆ. ಕೊನೆಯ ಸಾಲಿನಲ್ಲಿದ್ದ ಸ್ತ್ರೀವಿಗ್ರಹವೊಂದು ಮಾತನಾಡಿ, ತಾವು ದೇವರನ್ನು ಪ್ರಾರ್ಥಿಸುತ್ತಿರುವುದಾಗಿ ಹೇಳುತ್ತದೆ. ಒಳ್ಳೆಯದು, ದೇವರ ಸ್ಮರಣೆಯಲ್ಲಿಯೇ ಇರಿ ಎಂದು ನುಡಿದು, ಕಟ್ಟಡದ ಜೀರ್ಣೋದ್ಧಾರಕ್ಕೆ ಅವನು ತನ್ನವರಿಗೆ ಆಜ್ಞೆ ಮಾಡುತ್ತಾನೆ. ಯಾರಿಗೂ ತೋರಿಸಲೆಂದು ಬರೆಯದ ಪುಸ್ತಕದಲ್ಲಿ ಇಂಥ ಮಾತು ಉಳಿದಿರುವುದನ್ನು, ಅವನನ್ನು ಹೊಗಳುವವರೂ ತೆಗಳುವವರೂ ಸಮವಾಗಿ ಗಮನಿಸತಕ್ಕದ್ದು.

ಕಂಪನಿಯವರು ಗಮನಿಸಲಿಲ್ಲ. 1800ರಲ್ಲಿ ಬೀಟ್ಸನ್ ಎಂಬ ಸೇನಾಧಿಕಾರಿಯು ಯುದ್ಧದ ಚರಿತ್ರೆಯನ್ನು ಪ್ರಕಟಿಸಿದಾಗ ಕೆಲವೇ ಕನಸುಗಳ ಅನುವಾದವನ್ನು ಅನುಬಂಧದಲ್ಲಿ ಸೇರಿಸಿದನು. ಬರೆದವನು ಮೊದಲು ಆರಿಸಿದ್ದನು. ಗೆದ್ದವರು ಅದರೊಳಗಿಂದ ಮತ್ತೆ ಆರಿಸಿದರು. ಸಂಪೂರ್ಣ ಇಂಗ್ಲಿಷ್ ಅನುವಾದವು ಮಹಮೂದ್ ಹುಸೇನರಿಂದ 1957ರಲ್ಲಿ ಕರಾಚಿಯಲ್ಲಿ ಹೊರಬಂದಿತು. ಗಿರೀಶ ಕಾರ್ನಾಡರು ಈ ಕನಸುಗಳನ್ನು ಆಧರಿಸಿ ನಾಟಕ ರಚಿಸಿದರು. ಮೂಲಪ್ರತಿ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ.

ಕನಸನ್ನು ಶಾಸ್ತ್ರವಿಷಯವೆಂದು ಎಣಿಸಿದವರಲ್ಲಿ ಜೈನಾಚಾರ್ಯರು ಪ್ರಮುಖರು. ಅಷ್ಟಾಂಗ ನಿಮಿತ್ತಗಳಲ್ಲಿ ಸ್ವಪ್ನವೂ ಒಂದು. ತೀರ್ಥಂಕರರ ಮಾತೆಯರು ಕಂಡ ಹದಿನಾರು ಸ್ವಪ್ನಗಳು ಪ್ರತಿ ಶ್ರಾವಕನ ಮನೆಯ ಮಕ್ಕಳಿಗೂ ಗೊತ್ತು. ಚಂದ್ರಗುಪ್ತನು ಕಂಡ ಹನ್ನೆರಡು ಹೆಡೆಯ ಸರ್ಪವನ್ನು ಹನ್ನೆರಡು ವರ್ಷಗಳ ಕ್ಷಾಮವೆಂದು ಭದ್ರಬಾಹುಗಳು ವಿವರಿಸಿದ ಕಥೆ ದೇವಚಂದ್ರನ ರಾಜಾವಳಿ ಕಥೆಯಲ್ಲಿಯೂ ಬಂದಿದೆ. ಆದರೆ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ, ಸುಮಾರು ಕ್ರಿ.ಶ. 600ರ ಶಾಸನವು ಭದ್ರಬಾಹುಗಳ ನಿಮಿತ್ತಜ್ಞಾನವನ್ನೂ ಹನ್ನೆರಡು ವರ್ಷಗಳ ಕ್ಷಾಮವನ್ನೂ ಹೇಳುತ್ತದೆಯೇ ಹೊರತು ಕನಸಿನ ಮಾತನ್ನೆತ್ತುವುದಿಲ್ಲ. ಭಕ್ತಿಯಿಂದ ಕಥೆ ಕೇಳುವವರೂ ಇದನ್ನು ತಿಳಿದಿರುವುದು ಒಳಿತು.

ಎಲ್ಲ ಕನಸನ್ನೂ ನಂಬಬೇಕೆಂದು ಆಚಾರ್ಯರು ಹೇಳಿಲ್ಲ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಪೂರ್ವಪುರಾಣದಲ್ಲಿ, ಧಾತುಗಳು ಸಮವಾಗಿರುವ ಸ್ವಸ್ಥನ ಕನಸು ಸತ್ಯ, ಧಾತುವೈಷಮ್ಯದಿಂದ ಹುಟ್ಟಿದ ಅಸ್ವಸ್ಥನ ಕನಸು ಮಿಥ್ಯೆ ಎಂದು ವಿಭಾಗಿಸಿದ್ದಾರೆ. ನಿದ್ರೆಯೇ ಕರ್ಮಾಧೀನವಾದುದು. ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯವು ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ ಎಂಬ ಐದನ್ನು ದರ್ಶನಾವರಣೀಯ ಕರ್ಮದಲ್ಲಿ ಸೇರಿಸಿದೆ. ಮಲಗಿದವನ ಕಷಾಯಗಳೂ ಮಲಗಿರುವುದಿಲ್ಲ. ಮೂಲಾಚಾರದ ಪ್ರತಿಕ್ರಮಣಗಳಲ್ಲಿ ದೈವಸಿಕದ ಜತೆಗೆ ರಾತ್ರಿಕವೂ ಇದೆ. ಶ್ವೇತಾಂಬರರ ಬೆಳಗಿನ ಪ್ರತಿಕ್ರಮಣದಲ್ಲಿ ಕೆಟ್ಟ ಕನಸುಗಳಿಗೆಂದೇ ಪ್ರತ್ಯೇಕ ಕಾಯೋತ್ಸರ್ಗವುಂಟು. ಕನಸಿನಲ್ಲಿ ಒಬ್ಬನನ್ನು ಕೊಂದರೆ ಅವನ ಪ್ರಾಣಕ್ಕೆ ಹಾನಿಯಿಲ್ಲ. ಕೊಂದೆನೆಂದು ಬೆಳಿಗ್ಗೆ ಹಿಗ್ಗಿದರೆ ಭಾವಹಿಂಸೆಯಂತೂ ಆಗಿಯೇ ಹೋಯಿತು. ಹಿಗ್ಗನ್ನು ಬರೆದಿಟ್ಟು ಮತ್ತೆ ಮತ್ತೆ ಓದುವವನು ಅದಕ್ಕೆ ಬಡ್ಡಿಯನ್ನೂ ಕೂಡಿಸುತ್ತಾನೆ.

ಭರತ ಚಕ್ರವರ್ತಿಯ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಷಟ್ಖಂಡ ಪೃಥ್ವಿಯನ್ನು ಗೆದ್ದವನಿಗೆ ವಿಜಯದ ಕನಸು ಬೀಳಬಹುದಿತ್ತು. ಜಿನಸೇನರು ಹೇಳುವಂತೆ ಅವನಿಗೆ ಬಿದ್ದ ಹದಿನಾರು ಕನಸುಗಳೂ ಕಳವಳಕಾರಿಯಾದವು: ಆನೆಯ ಹೊರೆಯನ್ನು ಹೊತ್ತು ಬಳಲುವ ಕುದುರೆ, ನಡುವೆ ಬತ್ತಿ ಅಂಚಿನಲ್ಲಿ ಮಾತ್ರ ನೀರುಳ್ಳ ಕೊಳ, ಧೂಳು ಮುಸುಕಿದ ರತ್ನರಾಶಿ, ನೈವೇದ್ಯವನ್ನು ತಿನ್ನುವ ನಾಯಿ. ಅವನು ಅವುಗಳಿಗೆ ತಾನೇ ಅರ್ಥ ಕಟ್ಟಲಿಲ್ಲ; ಮುಚ್ಚಿಡಲೂ ಇಲ್ಲ. ಸಮವಸರಣಕ್ಕೆ ಹೋಗಿ ಆದಿಭಗವಂತನ ಮುಂದೆ, ಎಲ್ಲರೂ ಕೇಳುವಂತೆ, ಒಂದೊಂದಾಗಿ ಹೇಳಿದನು. ಅವುಗಳ ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಇಟ್ಟನು: ತಾನು ವ್ರತಿಗಳನ್ನು ಆರಿಸಿ ಬ್ರಾಹ್ಮಣವರ್ಣವನ್ನು ಸ್ಥಾಪಿಸಿದುದು ಸರಿಯೋ, ತಪ್ಪೋ?

ಉತ್ತರ ಹಿತವಾಗಿರಲಿಲ್ಲ. ಪಂಚಮಕಾಲದ ಸಾಧುಗಳು ತಪಸ್ಸಿನ ಪೂರ್ಣಭಾರವನ್ನು ಹೊರಲಾರರು. ಧರ್ಮವು ಆರ್ಯಖಂಡದ ನಡುವನ್ನು ಬಿಟ್ಟು ಅಂಚಿನ ನಾಡುಗಳಲ್ಲಿ ಉಳಿಯುವುದು. ಋದ್ಧಿಧಾರಿ ಮುನಿಗಳು ಕಾಣಸಿಗರು. ವ್ರತವಿಲ್ಲದವರು ಸತ್ಕಾರಕ್ಕೆ ಪಾತ್ರರಾಗುವರು. ಅವನು ಸ್ಥಾಪಿಸಿದ ವರ್ಣವು ಇಂದಿಗೆ ಉಚಿತವೇ ಆದರೂ ಮುಂದೆ ದೋಷಕ್ಕೆ ಬೀಜವಾಗುವುದು. ಆದರೂ ಈಗ ಅದನ್ನು ಕಿತ್ತುಹಾಕುವುದು ತರವಲ್ಲ ಎಂದು ಭಗವಂತನು ಅಪ್ಪಣೆ ಕೊಡಿಸಿದನು. ಭರತನು ಅಯೋಧ್ಯೆಗೆ ಮರಳಿದನು. ಆ ಕನಸುಗಳ ಶಾಂತಿಗಾಗಿ ಜಿನಾಭಿಷೇಕವನ್ನೂ ಪೂಜೆಯನ್ನೂ ಪಾತ್ರದಾನವನ್ನೂ ನೆರವೇರಿಸಿದನು.