ಕೂಡಲಸಂಗಮದೇವ ಇಂಗ್ಲಿಷಿನಲ್ಲಿ 'ಲಾರ್ಡ್' ಆದದ್ದು ಹೆಂಗ?

ನವನಗರದಿಂದ ಮಾತಾಡ್ತಿದ್ದೀನಿ. ಇವತ್ತು ದೇವರ ಹೆಸರು ಅನುವಾದದಲ್ಲಿ ಕಳೆದುಹೋಗೋ ಕತೆ.

ಕ್ರಿಸ್ತಪೂರ್ವ 3ನೇ ಶತಮಾನ. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಯಹೂದಿಗಳು ಆಗಲೇ ಗ್ರೀಕ್ ಮಾತಾಡ್ತಿದ್ದರು. ಅವರ ಹೀಬ್ರೂ ಧರ್ಮಗ್ರಂಥ ಗ್ರೀಕಿಗೆ ಬರೋಕೆ ಶುರುವಾಯ್ತು. ಮೂಲದ ವಿಮೋಚನಕಾಂಡದಲ್ಲಿ ಮೋಶೆ ಮತ್ತು ಹಿರಿಯರು ಬೆಟ್ಟ ಹತ್ತಿ ದೇವರನ್ನೇ ನೋಡ್ತಾರೆ. ಗ್ರೀಕಿನಲ್ಲಿ ಅವರು ನೋಡೋದು ದೇವರು ನಿಂತಿದ್ದ ಜಾಗವನ್ನ! ದೇವರು ಕಣ್ಣಿಗೆ ಕಾಣೋದನ್ನು ಅನುವಾದಕರ ಭಕ್ತಿ ಒಪ್ಪಲಿಲ್ಲ ಅಂತಾರೆ ವಿದ್ವಾಂಸರು.

ಹೀಬ್ರೂವಿನಲ್ಲಿ ದೇವರಿಗೆ ನಾಲ್ಕು ಅಕ್ಷರದ ಒಂದು ಸ್ವಂತ ಹೆಸರಿತ್ತು. ಭಯಭಕ್ತಿಯಿಂದ ಜನ ಅದನ್ನು ಉಚ್ಚರಿಸೋದನ್ನು ಬಿಟ್ಟರು. ಕೆಲವು ಹಳೇ ಗ್ರೀಕ್ ಪ್ರತಿಗಳಲ್ಲಿ ಆ ಅಕ್ಷರಗಳು ಹೀಬ್ರೂವಿನಲ್ಲೇ ಇವೆ. ಆಮೇಲಿನ ಪ್ರತಿಗಳಲ್ಲಿ ಆ ಜಾಗಕ್ಕೆ 'ಕೂರಿಯೋಸ್', ಅಂದ್ರೆ ಒಡೆಯ, ಬಂತು. ಇಂಗ್ಲಿಷ್ ಬೈಬಲ್ಲಿನಲ್ಲಿ ಅದು 'ಲಾರ್ಡ್' ಆಯ್ತು.

ಈಗ ನಮ್ಮ ಹುನಗುಂದದ ಕಡೆ ಬರ್ರಿ. ಕೃಷ್ಣಾ, ಮಲಪ್ರಭಾ ಕೂಡೋ ಊರು ಕೂಡಲಸಂಗಮ. ಅಲ್ಲಿಯ ದೇವರೇ ಬಸವಣ್ಣನವರ ಅಂಕಿತ. 1973ರಲ್ಲಿ ಮೈಸೂರಿನ ಎ.ಕೆ. ರಾಮಾನುಜನ್ 'ಸ್ಪೀಕಿಂಗ್ ಆಫ್ ಶಿವ' ತಂದರು. ಅದರಲ್ಲಿ ಕೂಡಲಸಂಗಮದೇವ 'ಕೂಡುವ ನದಿಗಳ ಲಾರ್ಡ್' ಆದ. ಹೊರಗಿನವರಿಗೆ ಹೆಸರಿನ ಅರ್ಥ ಸಿಕ್ತು, ಆದ್ರೆ ಊರು ಬಿಟ್ಟುಹೋಯ್ತು. ಮುನ್ನುಡಿಯಲ್ಲಿ ಅವರು ವೀರಶೈವವನ್ನು ಯುರೋಪಿನ ಪ್ರಾಟೆಸ್ಟೆಂಟ್ ಚಳವಳಿಗೆ ಹೋಲಿಸಿದ್ದೂ ಉಂಟು.

1992ರಲ್ಲಿ ತೇಜಸ್ವಿನಿ ನಿರಂಜನ ಅಲ್ಲಮನ ವಚನವೊಂದನ್ನು ಇಟ್ಟುಕೊಂಡು ಇದನ್ನೇ ಪ್ರಶ್ನಿಸಿದರು. ಈ ಅನುವಾದ ವಚನವನ್ನು ಕ್ರೈಸ್ತ ಅಚ್ಚಿಗೆ ಹೊಂದಿಸ್ತದೆ ಅನ್ನೋದು ಅವರ ತಕರಾರು. ತಮ್ಮ ಅನುವಾದದಲ್ಲಿ 'ಗುಹೇಶ್ವರ'ನನ್ನು ಹಾಗೇ ಉಳಿಸಿದರು.

ಗಮನಿಸ್ರಿ, ರಾಮಾನುಜನ್ ಕ್ರೈಸ್ತರಲ್ಲ. ಅಲೆಕ್ಸಾಂಡ್ರಿಯಾದಲ್ಲಿ ಬದಲಾವಣೆ ತಂದದ್ದು ಅನುವಾದಕರ ನಂಬಿಕೆ. ಇಲ್ಲಿ ಅನುವಾದಕನದಲ್ಲದ ನಂಬಿಕೆ ಪದದ ಬೆನ್ನೇರಿ ಬಂತು. ಶತಮಾನಗಳಿಂದ ಬೈಬಲ್ಲಿನಲ್ಲಿ ಪಳಗಿದ 'ಲಾರ್ಡ್' ಖಾಲಿ ಕೈಲಿ ಬರೋದಿಲ್ಲ.

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಬಿಟ್ಟು ಈ ನವನಗರಕ್ಕೆ ಬಂದವರು ನಾವು. ಜಾಗ ಕಳಕೊಂಡರೂ ಅದರ ಹೆಸರು ಯಾಕೆ ಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೊಬೈಲಿನಲ್ಲಿ ಇಂಗ್ಲಿಷ್ ವಚನ ಓದ್ರಿ, ಬೇಡ ಅನ್ನೋದಿಲ್ಲ. ಕೊನೇ ಸಾಲಿಗೆ ಬಂದಾಗ ಮಾತ್ರ ಕನ್ನಡದ್ದನ್ನೂ ಒಮ್ಮೆ ತೆಗೆದು ನೋಡ್ರಿ.