ಮಕ್ಕಳಿಗೆ ಸಂದೇಶ ಆ್ಯಪ್ ಆಯ್ಕೆ: ಪೋಷಕರ ಅವಗಾಹನೆಗೆ

ಮಕ್ಕಳ ಮೊಬೈಲ್‌ನಲ್ಲಿ ಸಂದೇಶ ಆ್ಯಪ್ ಅಳವಡಿಸುವ ಮುನ್ನ, ಅಪರಿಚಿತರು ಅದರ ಮೂಲಕ ಮಗುವನ್ನು ತಲುಪಲು ಸಾಧ್ಯವೇ ಎಂಬುದನ್ನು ಪೋಷಕರು ಮೊದಲು ಪರಿಶೀಲಿಸತಕ್ಕದ್ದು. ಎನ್‌ಕ್ರಿಪ್ಷನ್ ಎಂಬ ಗೂಢಲಿಪಿ ವ್ಯವಸ್ಥೆಯಿದ್ದರೆ ಸಾಕೆಂಬ ಭಾವನೆ ಹಲವರಲ್ಲಿದೆ. ಸಿಗ್ನಲ್ ಮತ್ತು ವಾಟ್ಸ್‌ಆ್ಯಪ್‌ಗಳಲ್ಲಿ ವೈಯಕ್ತಿಕ ಸಂದೇಶಗಳಿಗೆ ಈ ರಕ್ಷಣೆ ಸದಾ ಇರುತ್ತದೆ. ಟೆಲಿಗ್ರಾಂನಲ್ಲಿ ‘ಸೀಕ್ರೆಟ್ ಚಾಟ್’ ಸಂದೇಶಗಳಿಗೆ ಮಾತ್ರ. ಆದರೆ ಈ ವ್ಯವಸ್ಥೆಯು ಮಾರ್ಗಮಧ್ಯೆ ಇತರರು ಸಂದೇಶವನ್ನು ಓದದಂತೆ ತಡೆಯುತ್ತದೆಯೇ ಹೊರತು, ಕಳುಹಿಸಿದವರು ಯಾರೆಂದು ತಿಳಿಸುವುದಿಲ್ಲ. ಲಕೋಟೆ ಭದ್ರವಾಗಿದೆಯೆಂದ ಮಾತ್ರಕ್ಕೆ ಪತ್ರ ಬರೆದವರು ಸಜ್ಜನರೆಂದು ಭಾವಿಸಲಾಗದು.

ಟೆಲಿಗ್ರಾಂನಲ್ಲಿ ಯೂಸರ್‌ನೇಮ್ ಇರಿಸಿಕೊಂಡಲ್ಲಿ, ಮೊಬೈಲ್ ಸಂಖ್ಯೆ ತಿಳಿಯದವರೂ ಅದರ ಮೂಲಕ ಹುಡುಕಿ ಸಂಪರ್ಕಿಸಬಹುದಾಗಿದೆ. ವಾಟ್ಸ್‌ಆ್ಯಪ್ ಬಳಸುವುದಾದಲ್ಲಿ, ಗುಂಪುಗಳಿಗೆ ಸೇರಿಸುವ ಅವಕಾಶ ಹಾಗೂ ಪ್ರೊಫೈಲ್ ಭಾವಚಿತ್ರ ಇವೆರಡನ್ನೂ ‘ಪ್ರೈವಸಿ’ ವಿಭಾಗದಲ್ಲಿ ‘ಮೈ ಕಾಂಟ್ಯಾಕ್ಟ್ಸ್’ಗೆ ಸೀಮಿತಗೊಳಿಸುವುದು. ತಾನಾಗಿ ಅಳಿಸಿಹೋಗುವ ಸಂದೇಶಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಬೆದರಿಕೆಯ ಪ್ರಕರಣಗಳಲ್ಲಿ ಸಾಕ್ಷ್ಯವೂ ಅವುಗಳೊಂದಿಗೆ ಅಳಿಸಿಹೋಗುತ್ತದೆ.

ಕಿರುಕುಳದ ವಿಷಯವನ್ನು ಮಗು ತಿಳಿಸಿದಾಗ ಗದರಿಸಬಾರದು. ಗದರಿಸಿದಲ್ಲಿ ಮುಂದೆ ಮುಚ್ಚಿಡುವ ಸಂಭವವೇ ಹೆಚ್ಚು. ಸಂದೇಶವನ್ನು ಅಳಿಸದೆ, ಇತರರಿಗೆ ರವಾನಿಸದೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಲು ಕೋರಲಾಗಿದೆ.