ಪ್ರೊಪೆಲ್ಲರ್ ಶಾಫ್ಟ್ ದುರಸ್ತಿ (ಪಿಕಪ್ ವಾಹನ)

ಪ್ರೊಪೆಲ್ಲರ್ ಶಾಫ್ಟ್ ಎಂಬುದು ಹಿಂಚಕ್ರ ಚಾಲನೆಯ ಪಿಕಪ್ ವಾಹನಗಳಲ್ಲಿ ಗೇರ್‌ಬಾಕ್ಸಿನ ತಿರುಗುಬಲವನ್ನು ಹಿಂದಿನ ಡಿಫರೆನ್ಷಿಯಲ್‌ಗೆ ಒಯ್ಯುವ, ಸಾಮಾನ್ಯವಾಗಿ ಉಕ್ಕಿನ, ಟೊಳ್ಳು ಕೊಳವೆ. ಹಿಂದಿನ ಆಕ್ಸಲ್ ಸ್ಪ್ರಿಂಗುಗಳ ಮೇಲೆ ಏರಿಳಿಯುವುದರಿಂದ ಶಾಫ್ಟಿನ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್‌ಗಳಿರುತ್ತವೆ. ಜಾಯಿಂಟಿನ ನಡುವಿನ ಶಿಲುಬೆಯಾಕಾರದ ಭಾಗವನ್ನು ಗ್ಯಾರೇಜುಗಳಲ್ಲಿ ‘ಕ್ರಾಸ್’ ಎನ್ನುತ್ತಾರೆ.

ವಾಹನ ಹೊರಡುವಾಗ ‘ಟಕ್’ ಎಂಬ ಸದ್ದು ಕೇಳಿಸಿದರೆ ಕ್ರಾಸ್ ಸವೆದಿರುವ ಸಂಭವವಿದೆ. ವೇಗದೊಂದಿಗೆ ಹೆಚ್ಚುವ ನಡುಕಕ್ಕೆ ಶಾಫ್ಟ್ ಬಾಗಿರುವುದು, ಸಮತೋಲನದ ತೂಕ ಕಳಚಿರುವುದು ಅಥವಾ ಎರಡು ತುಂಡಿನ ಶಾಫ್ಟಿನಲ್ಲಿ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿರುವುದು ಕಾರಣವಾಗಬಹುದು. ಅಲಕ್ಷಿಸಿದರೆ ಓಡುವಾಗಲೇ ಜಾಯಿಂಟ್ ಮುರಿದು ಶಾಫ್ಟ್ ರಸ್ತೆಗೆ ಬೀಳುವ ಅಪಾಯವಿದೆ.

ಬಿಚ್ಚುವ ಮೊದಲು ಚಕ್ರಗಳಿಗೆ ಅಡೆ ಕೊಡುವುದು ಅತ್ಯಗತ್ಯ. ವಾಹನವನ್ನು ಗೇರಿನಲ್ಲಿ ನಿಲ್ಲಿಸಿದ್ದರೂ ಶಾಫ್ಟ್ ಕಳಚಿದೊಡನೆ ಎಂಜಿನ್ನಿಗೂ ಹಿಂಚಕ್ರಗಳಿಗೂ ಸಂಬಂಧ ತಪ್ಪುತ್ತದೆ. ಇಳಿಜಾರಿನಲ್ಲಿ ಅದು ಕೆಳಗೆ ಮಲಗಿ ಕೆಲಸ ಮಾಡುವವರ ಮೇಲೆಯೇ ಹರಿಯಬಹುದು. ಬಳಿಕ ಫ್ಲಾಂಜುಗಳ ಮೇಲೂ ಹಲ್ಲುಗಳುಳ್ಳ ಜಾರುಭಾಗದ ಮೇಲೂ ಬಣ್ಣದ ಗುರುತು ಹಾಕಬೇಕು. ಇದನ್ನು ಅನೇಕರು ಮರೆಯುತ್ತಾರೆ. ಕೋನದಲ್ಲಿ ತಿರುಗುವ ಜಾಯಿಂಟ್ ಪ್ರತಿ ಸುತ್ತಿನಲ್ಲೂ 2 ಬಾರಿ ವೇಗದ ಏರಿಳಿತ ಉಂಟುಮಾಡುತ್ತದೆ. ಶಾಫ್ಟಿನ ಎರಡು ತುದಿಗಳ ಕವಲುಗಳು ಮೊದಲಿದ್ದ ನೇರದಲ್ಲೇ ಇದ್ದರೆ ಮಾತ್ರ ಇನ್ನೊಂದು ಜಾಯಿಂಟ್ ಅದನ್ನು ಸರಿದೂಗಿಸುತ್ತದೆ. ಹಲ್ಲು ತಪ್ಪಿಸಿ ಜೋಡಿಸಿದರೆ ಹೊಸ ಕ್ರಾಸ್ ಹಾಕಿದರೂ ನಡುಕ ನಿಲ್ಲದು. ದೂರು ಮಾತ್ರ ಹೊಸ ಕ್ರಾಸಿನ ಮೇಲೆ ಬರುತ್ತದೆ.